ಜಾಡಿಯೊಳಗೆ ಹತ್ತೊಂಬತ್ತು

ಕರಪತ್ರ ಓದುತ್ತಲೇ ಅವನಿಗೆ ಮೈಯೆಲ್ಲ ಉರಿದುಹೋಯಿತು. ಬಣ್ಣದ ಕಾರ್ಖಾನೆಯವರು ಮನೆಮನೆಗೆ ಹಂಚಿದ್ದು. ‘ಭೂಮಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಹೆದರಬೇಡಿ’ ಅಂತ ದಪ್ಪ ಅಕ್ಷರ. ಪಕ್ಕದಲ್ಲಿ ಅವನದೇ ಫೋಟೋ! ಅಲ್ಲ ಸ್ವಾಮಿ, ನಾಚಿಕೆ ಬೇಡವೇ?

‘ಹೆದರಬೇಡಿ’ ಅವರು ಅಂಟಿಸಿದ ಬಾಲ. ಉಳಿದ ಮಾತು ಅವನದೇ, ಸುಳ್ಳಲ್ಲ. ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ, ಹಿತ್ತಲ ಶೆಡ್ಡಿನಲ್ಲಿ ಮೂವತ್ತು ವರ್ಷ ತಲೆ ಕೆರೆದುಕೊಂಡು ಕಂಡುಕೊಂಡದ್ದು: ಗಾಳಿ, ನೀರು, ಗಿಡ, ಹುಳು ಎಲ್ಲ ಸೇರಿ ಒಂದೇ ಮೈ, ಏರುಪೇರಾದರೆ ತಾನೇ ಸರಿಮಾಡಿಕೊಳ್ಳುತ್ತದೆ. ಅದಕ್ಕೆ ಸಾಕ್ಷಿ ಕಿಟಕಿಯಲ್ಲಿದ್ದ ಗಾಜಿನ ಜಾಡಿ. ಕೆರೆಯ ನೀರು, ಕೆಸರು, ಪಾಚಿ, ನಾಲ್ಕು ಬಸವನಹುಳು ಹಾಕಿ ಮುಚ್ಚಳಕ್ಕೆ ಮೇಣ ಬಳಿದು ಹನ್ನೊಂದು ವರ್ಷವಾಗಿತ್ತು. ಒಳಗೆ ಸಂಸಾರ ಬೆಳೆದು ಹುಳುಗಳು ಹತ್ತೊಂಬತ್ತಾಗಿದ್ದವು.

“ಊರೇ ಕುಡಿಯೋ ಕೆರೆಗೆ ವಿಷ ಬಿಡೋಕೆ ನಾನೇ ಚೀಟಿ ಬರೆದುಕೊಟ್ಟ ಹಾಗಾಯ್ತಲ್ಲೇ!” ಎಂದು ಕರಪತ್ರವನ್ನು ಹೆಂಡತಿಯ ಮುಂದೆ ಎಸೆದ.

ಅವಳು ಆಸ್ಪತ್ರೆಯ ನರ್ಸು. ಗಂಡನಿಗೆ ಕೋಪ ಮೂಗಿನ ತುದಿಯಲ್ಲೇ ಅಂತ ಅವಳಿಗೆ ಗೊತ್ತಿಲ್ಲದ್ದೇ?

“ಕೂಗಾಡಿದ್ರೆ ಹುಚ್ಚ ಅಂತಾರೆ ರೀ. ಕಾರ್ಖಾನೆ ನೀರು ಕೆರೆಗೆ ಬಿಡೋ ಪರವಾನಗಿ ಸಭೆಗೆ ಇನ್ನೂ ಮೂರು ವಾರ ಇದೆ. ಆ ಜಾಡೀನೇ ಕೇಳಿ ನೋಡಿ.”

ಅವನು ಆ ದಿನವೆಲ್ಲ ಜಾಡಿಯ ಮುಂದೆ ಕೂತು ಹುಳು ಎಣಿಸಿದ. ಮರುದಿನ ಮೇಣ ಕೆರೆದು, ಕಾರ್ಖಾನೆಯ ಮೋರಿಯಿಂದ ತಂದ ನೀರು ಎರಡು ಚಮಚ ಸುರಿದ. ಮತ್ತೆ ಮುಚ್ಚಳ ಹಾಕಿದ.

ಹುಳುಗಳು ನೀರು ಬಿಟ್ಟು ಗಾಜು ಹತ್ತಿದವು, ಮುಚ್ಚಳದವರೆಗೂ. ಒಂಬತ್ತನೇ ದಿನ ಕೊನೆಯದೂ ಕೆಳಗೆ ಬಿತ್ತು. ಚಿಪ್ಪುಗಳನ್ನು ಹೊರತೆಗೆಯುವಾಗ ಅವನು ಅತ್ತ. ಆ ಪಾಪಿಗಳಿಗೆ ಹಿಡಿಶಾಪ ಹಾಕಿದ, ತನಗೂ ಹಾಕಿಕೊಂಡ. ಕಂದಾಗಿದ್ದ ನೀರು ಮೆಲ್ಲಗೆ ತಿಳಿಯಾಗಿ, ಸಭೆಯ ಹೊತ್ತಿಗೆ ಪಾಚಿ ಮೊದಲಿಗಿಂತ ಹುಲುಸಾಗಿತ್ತು.

ಸಭೆಯಲ್ಲಿ ಜಾಡಿಯನ್ನು ಮೇಜಿನ ಮೇಲಿಟ್ಟು, “ಇದಕ್ಕೆ ನಿಮ್ಮ ಮೋರಿ ನೀರು ಹಾಕಿದ್ದೆ,” ಎಂದ. ಪರವಾನಗಿಗೆ ಸಹಿ ಹಾಕಬೇಕಿದ್ದ ಅಧಿಕಾರಿ ಪೆನ್ನು ತೆರೆದು ಕೂತಿದ್ದಳು.

ಕಾರ್ಖಾನೆಯ ಮ್ಯಾನೇಜರು ಜಾಡಿ ಎತ್ತಿ ಹಿಡಿದು ಹಲ್ಲು ಕಿರಿದ. “ನೋಡಿ ಮೇಡಂ, ಎಷ್ಟು ಹಸಿರು! ಸಾರ್ ಹೇಳಿದ್ದೇ ನಿಜ ಆಯ್ತು!”

“ಆಯ್ತು,” ಎಂದು ಅವನು ಜೇಬಿನ ಪೊಟ್ಟಣವನ್ನು ಮ್ಯಾನೇಜರನ ಮುಂದೆ ಕೊಡವಿದ. ಖಾಲಿ ಚಿಪ್ಪುಗಳು ಮೇಜಿನ ತುಂಬ ಉರುಳಿದವು. “ಜಾಡಿ ತನ್ನನ್ನ ತಾನು ನೋಡ್ಕೊಂಡಿತು. ಇವನ್ನ ನೋಡ್ಕೊಳ್ಳಲಿಲ್ಲ. ಹತ್ತೊಂಬತ್ತು ಇದ್ವು ಒಳಗೆ. ನಿಮ್ಮ ಮನೇಲಿ ಎಷ್ಟು ಜನ, ಸ್ವಾಮಿ?”

ಮ್ಯಾನೇಜರು ಜಾಡಿಯನ್ನು ಕೆಳಗಿಟ್ಟ.

“ನಾಲ್ಕು,” ಎಂದ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದಳು.