ಏಣಿ ಅಂಗಡಿಯ ನಲವತ್ತು ಹೆಜ್ಜೆ

ಆ ಕಚೇರಿಯಲ್ಲಿ ಅವಳ ಕೆಲಸಕ್ಕೆ ಸರಿಯಾದ ಹೆಸರಿರಲಿಲ್ಲ. ಗಿರಾಕಿ ಒಂದು ಕಡೆ, ಗಿರಾಕಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುವ ಎಐ ಏಜೆಂಟು ಇನ್ನೊಂದು ಕಡೆ, ನಡುವೆ ಇವಳು. ಹಾಗಾಗಿ ಎಲ್ಲರೂ ಅವಳನ್ನು ನಡುವಿನವಳು ಅನ್ನುತ್ತಿದ್ದರು. ಗಿರಾಕಿಯ ಜಾಗಕ್ಕೆ ಹೋಗಿ, ಕೂತು, ಕೇಳಿ, ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆಯುವುದು ಅವಳ ಪಾಲು. ಪುಟದಲ್ಲಿ ಇದ್ದದ್ದನ್ನು ಏಜೆಂಟು ಕಟ್ಟುತ್ತಿತ್ತು. ಇಲ್ಲದ್ದನ್ನು ಕಟ್ಟುತ್ತಿರಲಿಲ್ಲ. ಮೊದಲು ಹತ್ತು ಜನ ಎರಡು ತಿಂಗಳು ಹೆಣಗುತ್ತಿದ್ದ ಕೆಲಸ ಈಗ ಎರಡು ದಿನಕ್ಕೆ ಮುಗಿಯುತ್ತಿತ್ತು. ಆ ಹತ್ತು ಜನರ ಕುರ್ಚಿಗಳನ್ನು ಗೋಡೆಯ ಬದಿಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದರು.

ಸೋಮವಾರ ಯಜಮಾನರು ಅವಳನ್ನು ಒಳಗೆ ಕರೆದರು. ಮನುಷ್ಯ ಕೆಟ್ಟವರಲ್ಲ. ಕೆಟ್ಟ ಸುದ್ದಿ ಹೇಳಬೇಕಾದಾಗ ಮಾತ್ರ ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇರುತ್ತಿದ್ದರು.

"ಇನ್ಮೇಲೆ ಗಿರಾಕಿಗಳೇ ನೇರವಾಗಿ ಏಜೆಂಟ್ ಜೊತೆ ಮಾತಾಡಲಿ ಅಂತ ಪಾಲುದಾರರು ಅಂತಿದಾರಮ್ಮ."

"ಮತ್ತೆ ನಾನು, ಸಾರ್?"

"ಅದೇ ಯೋಚನೆ." ಮುಚ್ಚಳ ಬಂತು, ಹೋಯಿತು. "ಏಣಿ ಅಂಗಡಿ ಕೆಲಸ ಒಂದಿದೆ. ಅಣ್ಣ ತಮ್ಮಂದಿರದ್ದು. ಮೂರು ಜನ ಹೋಗಿ ಬಂದ್ರು, ಪುಟಾನೇ ತುಂಬಲಿಲ್ಲ. ನೀನು ಶುಕ್ರವಾರದೊಳಗೆ ಕೆಲಸ ಒಪ್ಪಿಗೆ ಅಂತ ಇಬ್ಬರ ಸಹಿಯನ್ನೂ ತಂದ್ರೆ, ನಡುವೆ ಒಬ್ಬರು ಇರಬೇಕು ಅಂತ ನಾನು ಅವರಿಗೆ ಹೇಳಬಹುದು. ತರದಿದ್ರೆ..."

ಅವರು ಗಾಜಿನಾಚೆ ಪೇರಿಸಿಟ್ಟ ಕುರ್ಚಿಗಳನ್ನು ನೋಡಿದರು. ಅವಳೂ ನೋಡಿದಳು. ಮೇಲೆ ಇನ್ನೊಂದಕ್ಕೆ ಜಾಗವಿತ್ತು.

ಏಣಿ ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಹಿಂದೆ ಗರಗಸದ ಮಿಷನ್ನಿನ ಪಕ್ಕ ಅಣ್ಣತಮ್ಮಂದಿರಲ್ಲಿ ದೊಡ್ಡವರು ಏಣಿ ಮಾಡುತ್ತಿದ್ದರು. ಮುಂದೆ ರಸ್ತೆಯ ಕಡೆ ಚಿಕ್ಕವರು ಅದನ್ನು ಮಾರುತ್ತಿದ್ದರು. ನಡುವೆ ನಲವತ್ತು ಹೆಜ್ಜೆಯ ಓಣಿ, ಎರಡೂ ಗೋಡೆಗೆ ಸಾಲಾಗಿ ಒರಗಿಸಿದ, ಎಲ್ಲಿಗೂ ಹತ್ತಿಸದ ಏಣಿಗಳು. ಓಣಿಯ ಮಧ್ಯೆ ಒಂದು ಬೆಂಚು, ಬೆಂಚಿನ ಮೇಲೆ ಅವರಿಬ್ಬರ ಅಕ್ಕ. ಊರಿಗೆಲ್ಲ ಅವರು ಅಕ್ಕನೇ.

ಅಣ್ಣ ತಮ್ಮ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಏಣಿಯ ಮೆಟ್ಟಿಲಿಗೂ ಮೆಟ್ಟಿಲಿಗೂ ನಡುವೆ ಹನ್ನೆರಡು ಇಂಚು ಇರಬೇಕು ಎಂದು ದೊಡ್ಡವರು, ಹನ್ನೊಂದು ಸಾಕು ಎಂದು ಚಿಕ್ಕವರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಅಂದಿನಿಂದ ಏಣಿಗಳು ಹನ್ನೊಂದೂವರೆ ಇಂಚಿಗೆ ತಯಾರಾಗುತ್ತಿದ್ದವು. ಅದು ಹೇಗೆ ತೀರ್ಮಾನವಾಯಿತೆಂದು ನಡುವಿನವಳು ಕೇಳಲಿಲ್ಲ. ಕೇಳಬೇಕಿತ್ತು.

"ನಿಮ್ಮ ಕೆಲಸ ಏನಕ್ಕಾ?" ಎಂದು ಮಾತ್ರ ಕೇಳಿದಳು.

"ಏನಿದೆ ಮಣ್ಣು. ಅವನು ಹೇಳಿದ್ದನ್ನ ಇವನಿಗೆ ಹೇಳ್ತೀನಿ, ಇವನು ಹೇಳಿದ್ದನ್ನ ಅವನಿಗೆ ಹೇಳ್ತೀನಿ."

"ದಿನಕ್ಕೆ ಎಷ್ಟು ಸಲ?"

"ನನ್ನ ಮಂಡಿ ಕೇಳು, ಲೆಕ್ಕ ಅದಕ್ಕೆ ಗೊತ್ತು." ಎರಡೂ ಮಂಡಿಗೆ ಬರುವ ಸೋಮವಾರ ಆಪರೇಷನ್. ಆಮೇಲೆ ಮೂರು ತಿಂಗಳು ನಡೆಯುವಂತಿಲ್ಲ. ಸಾಫ್ಟ್‌ವೇರ್ ಬೇಕಾದದ್ದೇ ಅದಕ್ಕೆ.

ನಡುವಿನವಳು ಅಜ್ಜಿಯ ಕಥೆ ಕೇಳಿಕೊಂಡೇ ಬೆಳೆದ ಹುಡುಗಿ. ಆ ಕಥೆಗಳಲ್ಲಿ ರಾಜಕುಮಾರಿಯ ಮಾತನ್ನು ಗಿಳಿ ಏಳು ಕಡಲು ದಾಟಿಸಿ ಒಯ್ಯುತ್ತಿತ್ತು. ದಾರಿಯಲ್ಲಿ ಗರಿ ಉದುರಿದರೂ ಮಾತಿನ ಒಂದಕ್ಷರ ಉದುರುತ್ತಿರಲಿಲ್ಲ. ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತಿದ್ದ ಅಕ್ಕನಿಗೆ ಅವಳ ಕಣ್ಣೆದುರೇ ಹಸಿರು ರೆಕ್ಕೆ ಮೂಡಿತು. ಪುಟದಲ್ಲಿ ಬರೆದಳು: ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಲುಪಿಸಬೇಕು. ಒಂದಕ್ಷರವೂ ಬದಲಾಗಬಾರದು. ಎರಡನೆಯ ವಾಕ್ಯವನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ದೊಡ್ಡವರು ಒಂದೇ ಒಂದು ಪ್ರಶ್ನೆ ಕೇಳಿದರು. "ಮಿಷನ್ ಜೊತೆ ಮಾತಾಡಿದ್ರೆ ಅವನ ಜೊತೆ ಮಾತಾಡಿದ ಹಾಗಾಗಲ್ಲ ತಾನೆ?" ನಲವತ್ತು ಹೆಜ್ಜೆ ಆಚೆ ಚಿಕ್ಕವರೂ ಅದನ್ನೇ, ಅದೇ ಮಾತಿನಲ್ಲಿ ಕೇಳಿದರು. ಆಗುವುದಿಲ್ಲ ಎಂದು ಇಬ್ಬರಿಗೂ ಮಾತು ಕೊಟ್ಟಳು.

ಸಂಜೆ ಏಜೆಂಟು ಎಂದಿನಂತೆ ತನ್ನ ಸಂದೇಹಗಳನ್ನು ಕಳಿಸಿತು. ಸಂದೇಶ ಉದ್ದವಾಗಿದ್ದರೆ ಚಿಕ್ಕದು ಮಾಡಬೇಕೆ? ಬೇಡ ಎಂದಳು. ಬೈಗುಳ ಬಂದರೆ? ಇವಳಿಗೆ ನಗು ಬಂತು. ಆ ಗಿಳಿಯಂಥ ಅಕ್ಕ ಬೈಗುಳ ಹೊತ್ತು ತಿರುಗುತ್ತಾರೆಯೇ? ಹಾಗೆಲ್ಲ ಬರುವುದಿಲ್ಲ ಎಂದು ಬರೆದಳು. ಬುಧವಾರ ಎಲ್ಲ ಸಿದ್ಧವಾಯಿತು. ಹಿಂದೊಂದು ಮೈಕು, ಮುಂದೊಂದು ಮೈಕು. ಇಲ್ಲಿ ಆಡಿದ್ದನ್ನು ಅಲ್ಲಿ ಮರ್ಯಾದಸ್ಥ ಹೆಣ್ಣುದನಿಯೊಂದು ಓದಿ ಹೇಳುತ್ತಿತ್ತು. ಏಜೆಂಟು ಮುನ್ನೂರ ಹನ್ನೆರಡು ಪರೀಕ್ಷೆಗಳನ್ನು ತಾನೇ ಬರೆದುಕೊಂಡು ಎಲ್ಲದರಲ್ಲೂ ತಾನೇ ಪಾಸಾಗಿತ್ತು.

ಗುರುವಾರ ಬೆಳಿಗ್ಗೆ ದೊಡ್ಡವರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು. ಮುಂದಿನ ಅಂಗಡಿಯಲ್ಲಿ ಒಬ್ಬ ಗಿರಾಕಿ ಏಣಿಯೊಂದನ್ನು ಅಲ್ಲಾಡಿಸಿ ನೋಡುತ್ತಿದ್ದ.

"ನಮಸ್ಕಾರ," ಎಂದಿತು ಹೆಣ್ಣುದನಿ. "ನಿಮ್ಮ ಅಣ್ಣನವರಿಂದ ಸಂದೇಶ. ಆ ಮಂಕುದಿಣ್ಣೆಗೆ ಹೇಳು, ಇಪ್ಪತ್ತಡಿ ಏಣಿ ಎರಡು ದಿನಕ್ಕೆ ಆಗಲ್ಲ. ಏಣಿ ಏನು ಅವನ ಬುರುಡೆನಾ, ಟೊಳ್ಳಿದ್ರೂ ನಡಿಯೋಕೆ. ಧನ್ಯವಾದಗಳು."

ಗಿರಾಕಿ ಏಣಿಯನ್ನು ಗೋಡೆಗೆ ಒರಗಿಸಿ, ಇನ್ನೊಮ್ಮೆ ಬರ್ತೀನಿ ಎಂದು ಹೋದ. ಚಿಕ್ಕವರು ಮೈಕನ್ನು ಹತ್ತಿರ ಎಳೆದುಕೊಂಡರು.

"ನಮಸ್ಕಾರ," ಎಂದಿತು ದನಿ ಹಿಂದಿನ ಕೋಣೆಯಲ್ಲಿ. "ನಿಮ್ಮ ತಮ್ಮನವರಿಂದ ಸಂದೇಶ. ಆ ಮರಕುಟಿಗಂಗೆ ಹೇಳು, ಕುಟ್ಟೋದೊಂದು ಬಿಟ್ಟು ಅವನಿಗೆ ಇನ್ನೇನು ಬರುತ್ತೆ. ಧನ್ಯವಾದಗಳು."

ಒಂಬತ್ತನೆಯ ಸಂದೇಶಕ್ಕೆ ಗರಗಸ ನಿಂತಿತು. ಓಣಿಯಲ್ಲಿದ್ದ ನಡುವಿನವಳ ಲ್ಯಾಪ್‌ಟಾಪಿನಲ್ಲಿ ಏಜೆಂಟು ವರದಿ ಒಪ್ಪಿಸಿತು: ಒಂಬತ್ತೂ ಸಂದೇಶಗಳು ಯಥಾವತ್ತಾಗಿ ತಲುಪಿವೆ. ದೋಷ ಸೊನ್ನೆ.

ಓಣಿಯ ಎರಡು ತುದಿಯ ಬಾಗಿಲಲ್ಲಿ ಇಬ್ಬರೂ ಬಂದು ನಿಂತರು. ಇಬ್ಬರೂ ನೋಡಿದ್ದು ಅಕ್ಕನನ್ನೇ.

"ಅಕ್ಕಾ, ಇಷ್ಟು ವರ್ಷ ಅವನು ಹೀಗೆ ಮಾತಾಡಿದ್ದಿಲ್ಲ," ಎಂದರು ದೊಡ್ಡವರು. "ಈ ಮಿಷನ್ ಏನೇನೋ ಸೇರಿಸ್ತಿದೆ."

"ನಮ್ಮಣ್ಣ ಕೋಪಿಷ್ಠ ಇರಬಹುದು, ಬಾಯಿ ಹೊಲಸಲ್ಲ ಅಂತ ಈ ಮಿಷನ್ ತಂದವರಿಗೆ ಹೇಳಕ್ಕಾ," ಎಂದರು ಚಿಕ್ಕವರು.

"ಅದು ಏನನ್ನೂ ಸೇರಿಸಲ್ಲ," ಎಂದಳು ನಡುವಿನವಳು, ಸಣ್ಣ ದನಿಯಲ್ಲಿ.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅದು ಸೇರಿಸಿಲ್ಲ. ನಾನು ಕಳೀತಿದ್ದೆ."

ನಡುವಿನವಳಿಗೆ ಆ ಒಂದು ಪುಟ ಕಣ್ಣಿಗೆ ಕಟ್ಟಿತು. ಹನ್ನೊಂದು ವರ್ಷದ ಅಸಲಿ ಕೆಲಸವೇ ಅದರಲ್ಲಿ ಇರಲಿಲ್ಲ. ಕೈಯಲ್ಲಿದ್ದದ್ದು ಒಂದೇ ದಿನ. ಅವಳು ಬೆಂಚಿನ ತುದಿಯಲ್ಲಿ ಕೂತು ಏಜೆಂಟಿಗೆ ಬರೆದಳು: ಮಾತುಗಳನ್ನು ಮೃದು ಮಾಡಿ ತಲುಪಿಸಬೇಕು.

ಆಗಬಹುದು, ಎಂದಿತು ಏಜೆಂಟು. ಎಷ್ಟು ಮೃದು? ಆಡಿದ ಮಾತು, ತಲುಪಿದ ಮಾತು, ಹೀಗೆ ಇಪ್ಪತ್ತು ಉದಾಹರಣೆ ಕೊಟ್ಟರೆ ಸಾಕು.

"ಇಪ್ಪತ್ತಕ್ಕೇನು ಬರ," ಎಂದು ಅಕ್ಕ ಲ್ಯಾಪ್‌ಟಾಪನ್ನು ಮಗುವಿನಂತೆ ತೊಡೆಯ ಮೇಲೆ ಎಳೆದುಕೊಂಡರು. "ಬರ್ಕೋಪ್ಪ. ದೊಡ್ಡವನು ಹೇಳಿದ್ದು, ಆ ಏಣಿ ಹೊತ್ಕೊಂಡು ಹಾಳುಬಾವಿಗೆ ಬೀಳು ಅಂತ. ನಾನು ಹೇಳಿದ್ದು, ಸಾಗಿಸುವಾಗ ಹುಷಾರು ಅಂತೆ ಕಣೋ ಅಂತ. ಚಿಕ್ಕವನು ಹೇಳಿದ್ದು, ಅವನ ಮೂತಿ ನೋಡಿದ್ರೆ ಬಂದ ಗಿರಾಕಿನೂ ಓಡಿಹೋಗ್ತಾನೆ. ನಾನು ಹೇಳಿದ್ದು, ನೀನು ಮುಂದೆ ಬರೋದೇನೂ ಬೇಡ್ವಂತೆ, ದಣಿವಾಗುತ್ತಂತೆ."

ಗರಗಸ ನಿಂತಿದ್ದರಿಂದ ಅಕ್ಕನ ದನಿ ಓಣಿಯ ಎರಡೂ ತುದಿಗೆ ಚೆನ್ನಾಗಿ ಕೇಳುತ್ತಿತ್ತು. ಬಾಗಿಲು ಬಿಟ್ಟು ಯಾರೂ ಕದಲಲಿಲ್ಲ.

"ಆಮೇಲೆ ಇಂಚಿನ ವಿಚಾರ. ಅಣ್ಣ ಅರ್ಧ ಇಂಚು ಇಳಿದಿದಾನೆ ಅಂತ ಇವನಿಗೆ ಹೇಳಿದೆ, ತಮ್ಮ ಅರ್ಧ ಇಂಚು ಏರಿದಾನೆ ಅಂತ ಅವನಿಗೆ ಹೇಳಿದೆ. ಇಬ್ಬರೂ ಒಂದು ಕೂದಲೆಳೆ ಅಲ್ಲಾಡಿರಲಿಲ್ಲ."

ಇದು ಮೃದು ಮಾಡಿದ್ದೋ, ಹೊಸದಾಗಿ ಕಟ್ಟಿದ್ದೋ? ಎಂದು ಏಜೆಂಟು ಕೇಳಿತು.

"ಸುಮ್ನೆ ಬರ್ಕೋ."

ಹದಿನಾರು ಆಯಿತು. ಹದಿನೇಳನೆಯದಕ್ಕೆ ಅಕ್ಕ ಸ್ವಲ್ಪ ತಡೆದರು. "ಅಮ್ಮ ತೀರಿಕೊಂಡ ವಾರ. ದೊಡ್ಡವನು ಹೇಳಿದ್ದು..." ಕನ್ನಡಕ ತೆಗೆದು ಒರೆಸಿದರು. "ಏನೂ ಹೇಳಲಿಲ್ಲ. ನಾನು ಹೇಳಿದ್ದು, ಅಮ್ಮ ನಗ್ತಿದ್ದಿದ್ದು ನಿನ್ನ ಜೊತೆ ಇದ್ದಾಗ ಮಾತ್ರ ಅಂತ ಅಣ್ಣ ಅಂದ, ಅಂತ."

ಮುಂದಿನ ಬಾಗಿಲಲ್ಲಿ ಚಿಕ್ಕವರು ಪಕ್ಕದ ಏಣಿಯನ್ನು ಹಿಡಿದುಕೊಂಡರು. ಅಂಗಡಿಗೆ ಯಾರೋ ಬಂದು ಕೂಗಿ, ಉತ್ತರ ಸಿಗದೆ ಹೋದರು.

"ಅದು ನಾನೇ ಹೇಳಿದ್ದು," ಎಂದರು ದೊಡ್ಡವರು.

ಅಕ್ಕ ತಿರುಗಿದರು. "ನೀನು ಯಾವಾಗಪ್ಪ—"

"ಹೇಳಿದ್ದೆ ಅಕ್ಕ. ನಿನಗೆ ಮರೆವು." ಆಮೇಲೆ ಅಕ್ಕನ ತಲೆಯ ಮೇಲಿಂದ, ಓಣಿಯ ಆ ತುದಿಗೆ: "ನಾನೇ ಹೇಳಿದ್ದು ಕಣೋ."

ಹನ್ನೊಂದು ವರ್ಷದಲ್ಲಿ ನಡುವೆ ಯಾರೂ ಹೊರದೆ ದಾಟಿದ ಮೊದಲ ಮಾತು ಅದು. ಚಿಕ್ಕವರು ಹಿಡಿದಿದ್ದ ಏಣಿಯನ್ನು ಬಿಟ್ಟರು.

"ಹಾಗಾದ್ರೆ ಬಾವಿಗೆ ಬೀಳು ಅಂದಿದ್ದೂ ನೀನೇ."

"ಅದೂ ನಾನೇ."

"ಇಪ್ಪತ್ತಡಿದು ಯಾವತ್ತು ಕೊಡ್ತೀಯ?"

"ಮಂಗಳವಾರ."

"ಶನಿವಾರ."

"ಏಣಿ ಅಂದ್ರೆ ಏನಂತ ತಿಳಿದಿದೀಯೋ ನೀನು?" ಎನ್ನುತ್ತ ದೊಡ್ಡವರು ನಡೆದು ಬಂದರು. ಚಿಕ್ಕವರೂ ಬಂದರು. ಯಾರು ಎಷ್ಟು ಹೆಜ್ಜೆ ಬಂದರೆಂದು ಯಾರೂ ಎಣಿಸಲಿಲ್ಲ. ಬೆಂಚಿನ ಬಳಿ ನಿಂತು ಇಬ್ಬರೂ ಸೋಮವಾರಕ್ಕೆ ಒಪ್ಪಿದರು. ಇನ್ನು ಮೂರು ಉದಾಹರಣೆ ಬೇಕು, ಎಂದು ಏಜೆಂಟು ನೆನಪಿಸಿತು.

ನಡುವಿನವಳು ಸಹಿಯ ಕಾಗದ ಮುಂದಿಟ್ಟಳು. ದೊಡ್ಡವರು ಅದನ್ನು ಓದಿ ತಮ್ಮನಿಗೆ ಕೊಟ್ಟರು. ತಮ್ಮ ಓದಿ ವಾಪಸ್ಸು ಕೊಟ್ಟರು.

"ಇದು ನಮಗೆ ಬೇಕೇನೋ?"

"ಯಾಕೆ ಬೇಕು?"

"ಬೇಡವಂತಮ್ಮ," ಎಂದರು ದೊಡ್ಡವರು, ತುಂಬ ಮರ್ಯಾದೆಯಿಂದ. "ಇಬ್ಬರೂ ಒಪ್ಪಿಯೇ ಹೇಳ್ತಿದೀವಿ."

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಸಂಜೆ ಬಸ್ ಸ್ಟಾಪಿನಲ್ಲಿ ಅವಳು ಖಾಲಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೂತಿದ್ದಳು. ಪಕ್ಕದಲ್ಲಿ, ಬಸ್ ಹತ್ತಿಸಲು ಬಂದ ಅಕ್ಕ ಎರಡೂ ಕಾಲು ನೀಡಿಕೊಂಡಿದ್ದರು.

"ಸಹಿ ಇಲ್ಲದೆ ಹೋದ್ರೆ ನಿನಗೇನಾಗುತ್ತೆ?"

"ಕೆಲಸ ಹೋಗುತ್ತೆ ಅಕ್ಕ. ನಡುವೆ ಯಾರೂ ಬೇಡ ಅನ್ನೋ ಪಾಲುದಾರರ ಮಾತೇ ಗೆಲ್ಲುತ್ತೆ."

ಅಷ್ಟರಲ್ಲಿ ಫೋನು ಬಂತು. ಯಜಮಾನರು. ಅವಳು ಅದನ್ನು ಕಿವಿಗಿಟ್ಟುಕೊಂಡು ಅಕ್ಕನ ಮುಖ ನೋಡಿದಳು. ಅಕ್ಕ ಕೈ ಚಾಚಿದರು.

"ನಮಸ್ಕಾರ ಸಾರ್, ನಾನು ಏಣಿ ಅಂಗಡಿ ಅಕ್ಕ... ಸಹಿನಾ? ಇಲ್ಲ, ಹಾಕಲಿಲ್ಲ. ಹನ್ನೊಂದು ವರ್ಷ ಮಾತು ಬಿಟ್ಟವರು ಮಾತಾಡಿದ್ರಲ್ಲ, ಇನ್ನು ಅದು ಬೇಡ ಅಂದ್ರು... ಹೌದು, ನಿಮ್ಮ ಹುಡುಗಿ ಬಂದು ಕೂತಿದ್ದಕ್ಕೇ ಆಗಿದ್ದು. ನೀವೂ ಅವಳಿಗೆ ಹೇಳಿ ಕಳಿಸಿದ್ರಂತಲ್ಲ, ಸಹಿ ಬರಲಿ ಬಿಡಲಿ, ಗಿರಾಕಿ ಹತ್ರ ಹೋಗಿ ಕೂತು ಕೇಳೋರು ಒಬ್ಬರು ಇರಲೇಬೇಕು, ಅದು ಮಿಷನ್‌ಗೆ ಬಿಡೋ ಕೆಲಸ ಅಲ್ಲ ಅಂತ. ಎಂಥ ಮಾತು ಸಾರ್. ನಮ್ಮ ತಮ್ಮಂದಿರಿಗೂ ಹೇಳಿದೆ, ತುಂಬ ಹಿಡಿಸಿತು ಅವರಿಗೆ."

ಆ ಕಡೆ ಪೆನ್ನಿನ ಮುಚ್ಚಳ ಟಕ್ಕೆಂದು ಕೂತದ್ದು ಕೇಳಿಸಿತು.

"ಹ್ಞಾಂ," ಎಂದರು ಯಜಮಾನರು. "ಅದು... ಹೌದು. ಹಾಗೆ ಹೇಳಿದ್ದೆ."

"ಪಾಲುದಾರರಿಗೂ ಒಂದು ಸಲ ಹೀಗೇ ಹೇಳಿಬಿಡಿ."

"ಹೇಳ್ತೀನಮ್ಮ. ನಾಳೆನೇ ಹೇಳ್ತೀನಿ."

ಅಕ್ಕ ಫೋನನ್ನು ಸೆರಗಿನಲ್ಲಿ ಒರೆಸಿ ವಾಪಸ್ಸು ಕೊಟ್ಟರು.

"ಅಕ್ಕಾ, ಅವರು ಹಾಗೆ ಹೇಳಿರಲಿಲ್ಲ."

"ಈಗ ಹೇಳಿದ್ರಲ್ಲ," ಎಂದು ಅಕ್ಕ ದೂರದಲ್ಲಿ ಬರುತ್ತಿದ್ದ ಬಸ್ಸಿನ ನಂಬರು ಓದಲು ಕಣ್ಣು ಕಿರಿದು ಮಾಡಿದರು.