ಮನ್ಮಥಪ್ಪನ ಅಂಗೈ

ಎಣ್ಣೆಯ ವಿಷಯದಲ್ಲಿ ಭಾಲ್ಕಿಯ ಪೇಟೆಯಲ್ಲಿ ನನ್ನ ಮಾತಿಗೆ ಎರಡು ಮಾತಿರಲಿಲ್ಲ. ನೆಲದಡಿಯ ಒಂದೇ ಕಪ್ಪೆಣ್ಣೆಯನ್ನು ಕಾಯಿಸಿದರೆ ಮೊದಲು ಆವಿಯಾಗಿ ಬರುವುದು ಪೆಟ್ರೋಲು, ಆಮೇಲೆ ದೀಪಕ್ಕೆ ಹಾಕುವ ಚಿಮಣಿ ಎಣ್ಣೆ, ತಳದಲ್ಲಿ ಉಳಿಯುವುದು ಡಾಂಬರು. ಇದು ಓದಿ ತಿಳಿದದ್ದಲ್ಲ, ಸೋಲಾಪುರದ ಡಿಪೋದಲ್ಲಿ ಹತ್ತು ವರ್ಷ ಡಬ್ಬಿ ಹೊತ್ತು ಕಲಿತದ್ದು. ಅಂಗೈ ಮೇಲೆ ಎರಡು ಹನಿ ಸಾಕು. ತಣ್ಣಗೆ ಹಾರಿಹೋದರೆ ಪೆಟ್ರೋಲು, ಜಿಡ್ಡು ಉಳಿದರೆ ಚಿಮಣಿ ಎಣ್ಣೆ. ಮನ್ಮಥಪ್ಪ ತಪ್ಪಿದ್ದನ್ನು ಯಾರೂ ಕಂಡಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಸೊಕ್ಕು, ಮತ್ತೇನು.

ಪೊಲೀಸ್ ಆಕ್ಷನ್ ಆಗಿ, ಭಾರತದ ಸೈನ್ಯದ ಮುಂದೆ ನಿಜಾಮರ ಫೌಜು ಶರಣಾದ ಮೂರನೆಯ ದಿನ. ನಿಜಾಮರ ಕಡೆಯ ರಜಾಕಾರರ ಮೇಲಿನ ಸಿಟ್ಟನ್ನು ಜನ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಎದುರು ಮನೆಯ ದರ್ಜಿ ರಶೀದ ಅಹ್ಮದ ಬಾಗಿಲು ಹಾಕಿಕೊಂಡು ಒಳಗಿದ್ದ. ಬಡಪಾಯಿ, ಯಾರ ತಂಟೆಗೂ ಹೋದವನಲ್ಲ. ಅವನ ಹೆಂಡತಿ ಹಮೀದುನ್ನಿಸಾಳನ್ನು ನನ್ನ ಹೆಂಡತಿ ಗುಂಡಮ್ಮ ಬೆಳಿಗ್ಗೆಯೇ ಕರೆತಂದು, ನನ್ನ ಎಣ್ಣೆ ಅಂಗಡಿಯ ಹಿಂದಿನ ನಮ್ಮ ಅಡುಗೆಮನೆಯಲ್ಲಿ ಅಡಗಿಸಿದ್ದಳು. ರಶೀದನಿಗೆ ನೀನೂ ಬಾ ಎಂದರೆ ಹೊಲಿಗೆ ಮಷೀನು ಬಿಟ್ಟು ಬರುವುದಿಲ್ಲ ಎಂದ ಆ ಪುಣ್ಯಾತ್ಮ.

ಮಧ್ಯಾಹ್ನ ಹತ್ತಾರು ಮಂದಿ ಅಂಗಡಿಗೆ ಬಂದರು. ಕೆಟ್ಟು ನಿಂತ ಲಾರಿಯಿಂದ ಎತ್ತಿದ ಎರಡು ಡಬ್ಬಿ, ಮೇಲೆ ಗುರುತಿಲ್ಲ. ಪೆಟ್ರೋಲು ಯಾವುದು ಎಂದು ಕೇಳಿದರು. ಯಾಕೆ ಬೇಕೆಂಬುದು ಅವರ ಕಣ್ಣಲ್ಲೇ ಇತ್ತು. ಆದರೂ ಕೇಳಿದ ಕೂಡಲೇ ನನ್ನ ಕೈ ತಾನಾಗಿ ಮುಂದೆ ಹೋಯಿತು. ಒಂದು ಡಬ್ಬಿಯ ಹನಿ ಜಿಡ್ಡಾಗಿ ಉಳಿಯಿತು, ಇನ್ನೊಂದರದು ತಣ್ಣಗೆ ಹಾರಿತು. ಇದೇ, ಎಂದೆ.

ಎದುರು ಮನೆ ಭಗ್ಗೆಂದಿತು. ಬಾಗಿಲು ತೆರೆಯುವಷ್ಟು ಹೊತ್ತೂ ರಶೀದನಿಗೆ ಸಿಗಲಿಲ್ಲ.

ಅಂದಿನಿಂದ ಅಂಗೈಯ ವಾಸನೆ ಹೋಗಲಿಲ್ಲ. ಬೂದಿ ಹಚ್ಚಿ ತಿಕ್ಕಿದೆ, ಸೀಗೆಕಾಯಿ ಹಚ್ಚಿದೆ. ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ. ಗುಂಡಮ್ಮ ಮೂಸಿ ನೋಡಿ ಏನೂ ಇಲ್ಲ ಎನ್ನುತ್ತಿದ್ದಳು.

ಹಮೀದುನ್ನಿಸಾ ಔರಾದಿನ ತವರಿಗೆ ಹೋಗಲಿಲ್ಲ. ಸುಟ್ಟ ಗೋಡೆಗಳ ಮೇಲೆ ತಗಡು ಹೊದಿಸಿ ಅಲ್ಲೇ ಉಳಿದಳು. ವಾರಕ್ಕೊಮ್ಮೆ ಶೀಸೆ ಹಿಡಿದು ಎಣ್ಣೆಗೆ ಬರುವಳು. ಶೀಸೆ ತುಂಬುವವರೆಗೂ ನನ್ನ ಕೈಯನ್ನೇ ನೋಡುವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದೆ. ಅಂದು ನಾನಾಡಿದ್ದು ಅಡುಗೆಮನೆಯವರೆಗೆ ಕೇಳಿಸಿತ್ತೋ ಇಲ್ಲವೋ? ಈ ಒಂದು ಪ್ರಶ್ನೆ ಎರಡು ವರ್ಷ ನನ್ನನ್ನು ತಿಂದಿತು. ಅವಳಿಗೆ ತಿಳಿಯದಿರಲಿ ಎಂದು ಶಿವನಿಗೆ ಹರಕೆ ಬೇರೆ ಹೊತ್ತೆ, ನಾಚಿಕೆಗೆಟ್ಟವನು.

ಕೊನೆಗೆ ತಡೆಯಲಾಗಲಿಲ್ಲ. ಒಂದು ಮುಂಜಾನೆ ಅವಳ ಶೀಸೆಯನ್ನು ತುಂಬದೆ ಕೆಳಗಿಟ್ಟೆ.

"ತಂಗಿ, ಅವತ್ತ ಡಬ್ಬಿ ತೋರ್ಸಿದಾಂವ ನಾನಽ" ಎಂದೆ.

"ಗೊತ್ತದರಿ ಅಣ್ಣಾ. ಒಲಿ ಮುಂದ ಕುಂತು ಕೇಳ್ಸಿಕೊಂಡೀನಿ."

ನಾನು ತೋರಿಸದಿದ್ದರೂ ಸುಡುತ್ತಿದ್ದರು ಎಂದು ಏನೇನೋ ತೊದಲಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಸುಡ್ತಿದ್ರು, ಖರೆ ಅದರಿ. ಆದ್ರ ಇನ್ನೊಂದು ಡಬ್ಬಿ ತೋರ್ಸಿದ್ರ ಬೆಂಕಿ ಸಾವಕಾಶ ಹತ್ತತಿತ್ತು. ನಮ್ಮನಿಯವ್ರು ಹಿತ್ತಲ ಬಾಗಲದಿಂದ ಹೊರಗ ಬರ್ತಿದ್ರು. ಒಂದು ಸುಳ್ಳು ಹೇಳಬೇಕಿತ್ತರಿ ನೀವು."