ಸರದಾರನ ಮೈ

ಕರಿಗಲ್ಲಿನ ಮೇಲೆ ತೀರಿಹೋದವರ ಮುಖ ಕೆತ್ತುವುದು ನನ್ನ ಕಸುಬು. ಸತ್ತ ಮೇಲೆ ಜನ ಎತ್ತರವಾಗುತ್ತಾರೆ, ಅದನ್ನು ದಿನಾ ನೋಡುತ್ತೇನೆ. ಪೇಟ ಕಂಡರೆ ಅರಮನೆ, ಎದೆಯ ಮೇಲೆ ಪದಕ ಕಂಡರೆ ಯುದ್ಧ, ಕತ್ತಿಯ ಹಿಡಿಯ ಮೇಲೆ ಕೈ ಕಂಡರೆ ವಂಶ. ಮುಖ ಯಾರದಾದರೇನು?

ದಟ್ಟಗಳ್ಳಿಯ ಯೋಗೇಂದ್ರ ತಂದ ಚಿತ್ರದಲ್ಲಿ ಮೂರೂ ಇದ್ದವು. ಹಳೇ ಅಚ್ಚಿನ ಚಿತ್ರದ ಯಾರೋ ಸರದಾರನ ಮೈಗೆ ತನ್ನ ತಂದೆ ಮರಿಸ್ವಾಮಿಯವರ ತಲೆ ಅಂಟಿಸಿದ್ದ. ಮರಿಸ್ವಾಮಿ ಸೈನ್ಯದಲ್ಲಿದ್ದದ್ದು ನಿಜ, ಆದರೆ ಅಡುಗೆಯವರಾಗಿ.

"ಮಗಳನ್ನ ಕೊಡೋ ಮನೆಯೋರು ದೊಡ್ಡ ವಂಶಸ್ಥರು ಕಣ್ರೀ. ಸಮಾಧಿಗೆ ಕೈ ಮುಗಿಯೋಕೆ ಬರ್ತಾರೆ."

ನನಗೆ ರೇಗಿತು. ಆದರೂ ಬೀಗರ ಮುಂದೆ ಸಣ್ಣವನಾಗುವ ಭಯ ಯಾರಿಗಿಲ್ಲ? ಕೆತ್ತಿದೆ.

ಕಣ್ಣನ್ನು ಕೊನೆಗೆ ಉಳಿಸಿಕೊಂಡು ಮನೆಯವರ ಎದುರಿಗೇ ತೆರೆಯುವುದು ನನ್ನ ರೂಢಿ. ಆ ದಿನ ಶ್ರೀರಾಂಪುರದ ನನ್ನ ಶೆಡ್ಡಿಗೆ ಯೋಗೇಂದ್ರ ತಾಯಿ ಚಾಮುಂಡಮ್ಮನವರನ್ನೂ ಕರೆತಂದ. ಆಕೆ ಕಲ್ಲನ್ನು ಮೇಲಿಂದ ಕೆಳಗೆ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಇದ್ಯಾರ ಮೈ ಕಣಪ್ಪ? ನಾನು ಯಾರಿಗೆ ಎಡೆ ಇಕ್ಲಿ?"

"ಗೌರವವಾಗಿ ಕಾಣ್ಲಿ ಅಂತ ಕಣವ್ವ."

"ಅಷ್ಟೊಂದು ಜನಕ್ಕೆ ಅನ್ನ ಹಾಕ್ದೋರು. ಅದು ಗೌರವ ಅಲ್ವಾ?"

ಯೋಗೇಂದ್ರ ತಲೆ ತಗ್ಗಿಸಿದ. "ಅಳಿಸ್ಬುಡಿ," ಎಂದ ನನಗೆ. ಕರಿಗಲ್ಲಿನಲ್ಲಿ ಅದಾಗದು. ಉಳಿ ತಾಗಿದಲ್ಲೆಲ್ಲ ಕಲ್ಲು ಬೆಳ್ಳಗಾಗುತ್ತದೆ, ಮತ್ತೆ ಕಪ್ಪಾಗುವುದಿಲ್ಲ. ಹಾಗೆಂದು ಹೇಳಿದೆ.

ಚಾಮುಂಡಮ್ಮ ಸರದಾರನ ಕೋಟಿನ ಮೇಲೆ ಬೆರಳಾಡಿಸಿದರು. "ಇನ್ನೂ ಬೆಳ್ಳಗೆ ಮಾಡಬೋದಲ್ವಾ? ಅಡುಗೆ ಮಾಡುವಾಗ ಅವರು ಬಿಳೀ ಏಪ್ರನ್ನೇ ಕಟ್ತಿದ್ದಿದ್ದು."

ಅವರನ್ನು ಕಳಿಸಿ ಕೂತೆ. ಕೋಟು ಬೆಳ್ಳಗಾಗುತ್ತ ಹೋಗಿ ಪದಕಗಳು ಅದರೊಳಗೆ ಮುಳುಗಿದವು. ಪೇಟದ ಜರಿ ಹೋಗಿ ತಲೆಗೆ ಸುತ್ತಿದ ಬಿಳಿ ಬಟ್ಟೆಯಾಯಿತು. ಕತ್ತಿಯ ತುದಿಗೆ ದುಂಡನೆಯ ಬಟ್ಟಲು ಸೇರಿಸಿದೆ, ಸೌಟಾಯಿತು. ನಿಲುವನ್ನು ಮಾತ್ರ ಮುಟ್ಟಲಿಲ್ಲ. ಎದೆ ಉಬ್ಬಿಸಿ, ಕತ್ತೆತ್ತಿ, ಸೌಟಿನ ಮೇಲೆ ಕೈಯೂರಿ ನಿಂತರು ಮರಿಸ್ವಾಮಿ. ಆ ಗತ್ತು ಸರದಾರನಿಗಿಂತ ಇವರಿಗೇ ಹೆಚ್ಚು ಒಪ್ಪಿತು.

ತಾಯಿ ಮಗ ಮತ್ತೆ ಬಂದಾಗ ಅವರೆದುರಿಗೆ ಕಣ್ಣು ತೆರೆದೆ. ಚಾಮುಂಡಮ್ಮ ಸೆರಗಿನಿಂದ ಆ ಮುಖದ ಮೇಲಿನ ಪುಡಿ ಒರೆಸಿದರು.

"ಬಂದ್ಬುಟ್ರಾ?" ಎಂದರು ಮೆಲ್ಲಗೆ.

ಆಮೇಲೆ ಮಗನ ಕಡೆ ತಿರುಗಿದರು.

"ಬೀಗರನ್ನ ಕರ್ಕೊಂಡು ಬಾಪ್ಪ. ಊಟದ ಹೊತ್ತಿಗೇ ಬರಕ್ಕೇಳು."